ಬೇಸಿಗೆಯ ಅತಿಥಿಗಳಿಗೆ ಪಾವ್ಲೋವಾ: ಗರಿಗರಿ ಮೆರಾಂಗ್, ಕೆನೆ ಮತ್ತು ಮಾವು

ಮೊಟ್ಟೆಯ ಬಿಳಿ ಭಾಗವನ್ನೂ ಸಕ್ಕರೆಯನ್ನೂ ಗಟ್ಟಿ ನೊರೆಯಾಗುವಂತೆ ಕಡೆದು, ಓವನ್‌ನ ಸಣ್ಣ ಶಾಖದಲ್ಲಿ ನಿಧಾನವಾಗಿ ಒಣಗಿಸಿದರೆ ಮೆರಾಂಗ್ ಆಗುತ್ತದೆ. ಆ ಮೆರಾಂಗನ್ನು ಅಗಲವಾದ ಬಿಲ್ಲೆಯಾಗಿ ಮಾಡಿ, ಹೊರಗೆ ತೆಳುವಾದ ಗರಿಗರಿ ಪದರವೂ ಒಳಗೆ ಮೆತ್ತನೆಯ ತಿರುಳೂ ಉಳಿಯುವಂತೆ ನೋಡಿಕೊಂಡು, ಮೇಲೆ ಕೆನೆ ಮತ್ತು ಹಣ್ಣನ್ನು ಹರಡಿದರೆ ಅದೇ ಪಾವ್ಲೋವಾ. ಡಿಸೆಂಬರ್ ತಿಂಗಳು ನಡುಬೇಸಿಗೆಯಾಗಿರುವ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಕ್ರಿಸ್‌ಮಸ್ ಊಟದ ಕೊನೆಗೆ ಇದು ಬರುವುದು ವಾಡಿಕೆ. 1926ರಲ್ಲಿ ಆ ಎರಡೂ ದೇಶಗಳಲ್ಲಿ ಪ್ರದರ್ಶನ ನೀಡಿದ ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರ ಹೆಸರನ್ನೇ ಇದಕ್ಕೆ ಇಡಲಾಗಿದೆ. ಮೊದಲು ಮಾಡಿದವರು ಯಾರು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ. 1935ರಲ್ಲಿ ಪರ್ತ್ ನಗರದ ಹೋಟೆಲೊಂದರಲ್ಲಿ ಬರ್ಟ್ ಸ್ಯಾಶೆ ಎಂಬ ಬಾಣಸಿಗರು ಇದನ್ನು ರೂಪಿಸಿದರೆಂದು ಆಸ್ಟ್ರೇಲಿಯಾದವರು ಹೇಳಿದರೆ, ಅದಕ್ಕೂ ಮೊದಲೇ ತಮ್ಮಲ್ಲಿ ಇದೇ ಹೆಸರಿನ ಪಾಕವಿಧಾನಗಳು ಅಚ್ಚಾಗಿದ್ದವೆಂದು ನ್ಯೂಜಿಲೆಂಡಿನವರು ತೋರಿಸುತ್ತಾರೆ.

ಸಿಡ್ನಿ, ಮೆಲ್ಬರ್ನ್, ಆಕ್ಲೆಂಡ್‌ಗಳಲ್ಲಿರುವ ಕನ್ನಡದ ಮನೆಗಳಿಗೆ ಇದು ಪರಿಚಿತ ತಿನಿಸು. ನಮ್ಮಲ್ಲಿ ಇದನ್ನು ಮಾಡಲು ಏಪ್ರಿಲ್ ಮತ್ತು ಮೇ ತಿಂಗಳುಗಳೇ ಸೂಕ್ತ, ಏಕೆಂದರೆ ಆಗ ಮಾವು ಸಿಗುತ್ತದೆ ಮತ್ತು ಒಳನಾಡಿನ ಗಾಳಿ ಒಣಗಿರುತ್ತದೆ. ಎರಡನೆಯ ಕಾರಣವೇ ಹೆಚ್ಚು ಮುಖ್ಯವಾದದ್ದು. ಮೆರಾಂಗಿನ ಪರಮ ಶತ್ರು ತೇವ. ಪಾತ್ರೆಯಲ್ಲಿರುವ ನೀರಿನ ಹನಿ, ಕರಗದೆ ಉಳಿದು ಆಮೇಲೆ ನೀರೊಡೆಯುವ ಸಕ್ಕರೆ, ಮಳೆಗಾಲದ ಗಾಳಿ, ಹೊತ್ತಿಗೆ ಮುಂಚೆ ಹರಡಿದ ಕೆನೆ, ಇವುಗಳಲ್ಲಿ ಯಾವುದೊಂದು ಸೇರಿಕೊಂಡರೂ ಗರಿಗರಿ ಪದರ ಅಂಟಾಗುತ್ತದೆ. ಹಾಗಾಗಿ ಮೆರಾಂಗನ್ನು ಹಿಂದಿನ ಸಂಜೆಯೇ ಒಣಗಿಸಿಟ್ಟು, ಕೆನೆ ಮತ್ತು ಹಣ್ಣನ್ನು ಬಡಿಸುವ ಹೊತ್ತಿಗೆ ಮಾತ್ರ ಸೇರಿಸಬೇಕು. ಅತಿಥಿಗಳು ಬರುವ ದಿನ ಅಡುಗೆಮನೆಯಲ್ಲಿ ಓವನ್ ಹಚ್ಚುವ ಅಗತ್ಯ ಬೀಳದಿರುವುದು ಬೇಸಿಗೆಯಲ್ಲಿ ಸಣ್ಣ ಅನುಕೂಲವೇನಲ್ಲ.

ಎಂಟು ಜನರಿಗೆ ಸಾಕಾಗುವ ಒಂದು ಪಾವ್ಲೋವಾಕ್ಕೆ 150 ಗ್ರಾಂ ಮೊಟ್ಟೆಯ ಬಿಳಿ, 260 ಗ್ರಾಂ ಸಣ್ಣ ಸಕ್ಕರೆ, ಎರಡು ಚಹಾ ಚಮಚ ಕಾರ್ನ್‌ಫ್ಲೋರ್, ಒಂದು ಚಹಾ ಚಮಚ ಬಿಳಿ ವಿನೆಗರ್ ಮತ್ತು ಅರ್ಧ ಚಹಾ ಚಮಚ ವೆನಿಲಾ ಬೇಕು. ವಿದೇಶದ ಪಾಕವಿಧಾನಗಳು ನಾಲ್ಕು ಮೊಟ್ಟೆ ಎನ್ನುತ್ತವೆ, ಆದರೆ ನಮ್ಮ ಅಂಗಡಿಯ ಮೊಟ್ಟೆಗಳು ಗಾತ್ರದಲ್ಲಿ ಚಿಕ್ಕವಾದ್ದರಿಂದ ಸಾಮಾನ್ಯವಾಗಿ ಐದು ಬೇಕಾಗುತ್ತವೆ. ಎಣಿಸುವುದಕ್ಕಿಂತ ತೂಗುವುದೇ ಕ್ಷೇಮ. ಇಲ್ಲಿ ಕಣ್ಣಂದಾಜು ನಡೆಯುವುದಿಲ್ಲ. ಮಾಮೂಲಿ ಸಕ್ಕರೆಯ ಹರಳು ಬೇಗ ಕರಗದ ಕಾರಣ ಅದನ್ನು ಮಿಕ್ಸಿಯಲ್ಲಿ ಎರಡು ಮೂರು ಬಾರಿ ಮಾತ್ರ ತಿರುಗಿಸಿ, ಚಿರೋಟಿ ರವೆಯಷ್ಟು ಸಣ್ಣಗಾದೊಡನೆ ನಿಲ್ಲಿಸಿ, ಜರಡಿ ಹಿಡಿಯಬೇಕು. ಕಾರ್ನ್‌ಫ್ಲೋರ್ ಎಂದರೆ ಸೂಪಿಗೆ ಹಾಕುವ ಅಚ್ಚ ಬಿಳಿಯ ನುಣುಪು ಪುಡಿಯೇ ಹೊರತು ಹಳದಿ ಬಣ್ಣದ ಮೆಕ್ಕೆಜೋಳದ ಹಿಟ್ಟಲ್ಲ. ವಿನೆಗರ್ ಇಲ್ಲದಿದ್ದರೆ ಎರಡು ಚಹಾ ಚಮಚ ನಿಂಬೆರಸ ಸಾಕು. ಈ ಹುಳಿ ನೊರೆಯನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಕಾರ್ನ್‌ಫ್ಲೋರ್ ಒಳತಿರುಳನ್ನು ಮೆತ್ತಗಿಡಲು ನೆರವಾಗುತ್ತದೆ.

ಮೊಟ್ಟೆ ತಣ್ಣಗಿರುವಾಗ ಬಿಳಿಯನ್ನೂ ಹಳದಿಯನ್ನೂ ಬೇರ್ಪಡಿಸುವುದು ಸುಲಭ, ಆದರೆ ನೊರೆ ಚೆನ್ನಾಗಿ ಏಳುವುದು ಬಿಳಿ ಭಾಗ ಕೋಣೆಯ ಉಷ್ಣಾಂಶಕ್ಕೆ ಬಂದ ಮೇಲೆ. ಆದ್ದರಿಂದ ಫ್ರಿಜ್‌ನಿಂದ ತೆಗೆದ ಕೂಡಲೇ ಒಡೆದು ಬೇರ್ಪಡಿಸಿ, ಅರ್ಧ ಗಂಟೆ ಮುಚ್ಚಿಡಬೇಕು. ಒಂದೊಂದು ಮೊಟ್ಟೆಯನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು, ಬಿಳಿ ಶುದ್ಧವಾಗಿದೆ ಎಂದು ಖಾತ್ರಿಯಾದ ಮೇಲೆ ದೊಡ್ಡ ಪಾತ್ರೆಗೆ ಸುರಿಯುವುದು ಒಳ್ಳೆಯದು. ಐದನೆಯ ಮೊಟ್ಟೆಯ ಹಳದಿ ಒಡೆದು ಮೊದಲಿನ ನಾಲ್ಕನ್ನೂ ಕೆಡಿಸುವ ಸಂಕಟ ಹೀಗೆ ತಪ್ಪುತ್ತದೆ. ಹಳದಿಯಲ್ಲಿರುವ ಕೊಬ್ಬು ಎಳ್ಳಷ್ಟು ಸೇರಿದರೂ ನೊರೆ ಕುಗ್ಗುತ್ತದೆ. ಚುಕ್ಕೆಯೇನಾದರೂ ಬಿದ್ದಿದ್ದರೆ ಅದನ್ನು ಮೊಟ್ಟೆಯ ಚಿಪ್ಪಿನಿಂದಲೇ ಎತ್ತಬಹುದು. ಪ್ಲಾಸ್ಟಿಕ್ ಪಾತ್ರೆಯಲ್ಲಿ ಎಷ್ಟು ತೊಳೆದರೂ ಜಿಡ್ಡಿನ ಅಂಶ ಉಳಿಯುವುದರಿಂದ ಸ್ಟೀಲ್ ಅಥವಾ ಗಾಜಿನ ಪಾತ್ರೆಯನ್ನೇ ಆರಿಸಿ, ಒಳಗೆಲ್ಲ ನಿಂಬೆ ಹೋಳಿನಿಂದ ಉಜ್ಜಿ, ಒಣ ಬಟ್ಟೆಯಿಂದ ಒರೆಸಬೇಕು.

ಎಲೆಕ್ಟ್ರಿಕ್ ಬೀಟರನ್ನು ಮಧ್ಯಮ ವೇಗದಲ್ಲಿಟ್ಟು ಬಿಳಿ ಭಾಗವನ್ನು ಕಡೆಯಲು ಆರಂಭಿಸಬೇಕು. ಮೊದಲು ದೊಡ್ಡ ಗುಳ್ಳೆಗಳು ಏಳುತ್ತವೆ, ಆಮೇಲೆ ಅವು ಸಣ್ಣವಾಗಿ ಇಡೀ ದ್ರವ ಬೆಳ್ಳಗಾಗುತ್ತದೆ. ಬೀಟರನ್ನು ಮೇಲೆತ್ತಿದಾಗ ನೊರೆ ತುದಿಗಟ್ಟಿ, ಆ ತುದಿ ಮೆಲ್ಲನೆ ಬಾಗಿದರೆ ಸಕ್ಕರೆ ಹಾಕುವ ಹೊತ್ತು ಬಂತೆಂದು ತಿಳಿಯಬೇಕು. ಇದಕ್ಕಿಂತ ಮುಂದೆ ಸಕ್ಕರೆಯಿಲ್ಲದೆ ಕಡೆಯುತ್ತ ಹೋದರೆ ನೊರೆ ತರಿತರಿಯಾಗಿ ಒಡೆಯುತ್ತದೆ, ಮತ್ತೆ ಸರಿಪಡಿಸಲು ಬರುವುದಿಲ್ಲ. ಸಕ್ಕರೆಯನ್ನು ಒಂದೊಂದೇ ದೊಡ್ಡ ಚಮಚದಂತೆ, ನಡುವೆ ಅರ್ಧ ನಿಮಿಷದಷ್ಟು ಬಿಡುವು ಕೊಟ್ಟು, ಬೀಟರ್ ನಿಲ್ಲಿಸದೆ ಹಾಕುತ್ತ ಹೋಗಬೇಕು. ಇಡೀ ಕೆಲಸದಲ್ಲಿ ಅವಸರ ಹುಟ್ಟುವುದು ಇಲ್ಲಿಯೇ, ಮತ್ತು ಅವಸರದ ಫಲ ಮರುದಿನ ಕಾಣಿಸುತ್ತದೆ: ಕರಗದ ಸಕ್ಕರೆ ಓವನ್‌ನಲ್ಲಿ ಪಾಕವಾಗಿ ಬುಡದಿಂದ ಜಿನುಗುತ್ತದೆ. ಎಲ್ಲ ಸಕ್ಕರೆ ಮುಗಿದ ಮೇಲೂ ಕೆಲವು ನಿಮಿಷ ಕಡೆದು, ಚಿಟಿಕೆ ನೊರೆಯನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ತಿಕ್ಕಿ ನೋಡಬೇಕು. ಮರಳು ಮರಳಾಗಿ ತಾಗಿದರೆ ಇನ್ನೂ ಕಡೆಯಬೇಕು, ನುಣ್ಣಗಿದ್ದರೆ ಸಕ್ಕರೆ ಕರಗಿದೆ. ಆಗ ನೊರೆ ರೇಷ್ಮೆಯ ಹೊಳಪು ಪಡೆದು, ಬೀಟರನ್ನು ತಲೆಕೆಳಗಾಗಿ ಹಿಡಿದರೂ ತುದಿ ಬಾಗದೆ ನೆಟ್ಟಗೆ ನಿಲ್ಲುತ್ತದೆ. ಈಗ ಕಾರ್ನ್‌ಫ್ಲೋರನ್ನು ಜರಡಿಯಿಂದ ಉದುರಿಸಿ, ವಿನೆಗರ್ ಮತ್ತು ವೆನಿಲಾ ಸೇರಿಸಿ, ಮೆತ್ತನೆಯ ಸೌಟಿನಿಂದ ಕೆಳಗಿನಿಂದ ಮೇಲಕ್ಕೆ ನಾಲ್ಕಾರು ಬಾರಿ ಮಗುಚಿದರೆ ಸಾಕು.

ಬೇಕಿಂಗ್ ಪೇಪರಿನ ಮೇಲೆ ಪೆನ್ಸಿಲಿನಿಂದ 20 ಸೆಂಟಿಮೀಟರ್ ಅಗಲದ ವೃತ್ತ ಬರೆದು, ಗೀಟು ಕೆಳಗಾಗುವಂತೆ ಕಾಗದವನ್ನು ಮಗುಚಿ, ನಾಲ್ಕು ಮೂಲೆಗಳಿಗೆ ಒಂದೊಂದು ಬೊಟ್ಟು ನೊರೆ ಅಂಟಿಸಿ ಟ್ರೇಯ ಮೇಲೆ ಕೂರಿಸಬೇಕು. ನೊರೆಯನ್ನೆಲ್ಲ ವೃತ್ತದೊಳಗೆ ಐದಾರು ಸೆಂಟಿಮೀಟರ್ ಎತ್ತರಕ್ಕೆ ಪೇರಿಸಿ, ಚಪ್ಪಟೆ ಚಾಕುವಿನಿಂದ ಸುತ್ತಲೂ ಕೆಳಗಿನಿಂದ ಮೇಲಕ್ಕೆ ಎಳೆಯುತ್ತ ಬಂದರೆ ಬದಿಗಳಲ್ಲಿ ಗೆರೆಗಳು ಮೂಡುತ್ತವೆ. ಈ ಗೆರೆಗಳು ಚಂದಕ್ಕಷ್ಟೇ ಅಲ್ಲ, ಬದಿ ಜರಿಯದಂತೆಯೂ ತಡೆಯುತ್ತವೆ. ಕೆನೆ ಕೂರಲು ನಡುವೆ ತುಸು ತಗ್ಗು ಮಾಡಿದರೆ ಆಕಾರ ಮುಗಿಯಿತು.

ಓವನ್ 150 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾದಿರಬೇಕು. ಟ್ರೇಯನ್ನು ಕೆಳಗಿನ ಅಂತಸ್ತಿನಲ್ಲಿಟ್ಟು ಬಾಗಿಲು ಮುಚ್ಚಿದೊಡನೆ ಶಾಖವನ್ನು 120ಕ್ಕೆ ಇಳಿಸಿ, ಒಂದೂವರೆ ಗಂಟೆ ಬಿಡಬೇಕು. ಫ್ಯಾನ್ ಇರುವ ಓವನ್ ಅಥವಾ ಕನ್ವೆಕ್ಷನ್ ಮೈಕ್ರೋವೇವ್ ಆದರೆ 100 ಡಿಗ್ರಿ ಸಾಕು. ಮನೆಯ ಓಟಿಜಿಗಳಲ್ಲಿ, ಅಂದರೆ ಟೋಸ್ಟರ್ ಮತ್ತು ಗ್ರಿಲ್ ಕೂಡ ಆಗುವ ಸಣ್ಣ ವಿದ್ಯುತ್ ಓವನ್‌ಗಳಲ್ಲಿ, ಎರಡು ತೊಡಕುಗಳಿವೆ. ಮೇಲಿನ ಕಂಬಿ ಮೆರಾಂಗಿಗೆ ತೀರ ಹತ್ತಿರವಿರುವುದರಿಂದ ನೆತ್ತಿ ಕಂದುತ್ತದೆ, ಹಾಗಾಗಿ ಕೆಳಗಿನ ಕಂಬಿಯೊಂದನ್ನೇ ಹಚ್ಚಬೇಕು. ಎರಡನೆಯದಾಗಿ, ಗುಂಡಿ ತೋರಿಸುವ ಅಂಕಿಗೂ ಒಳಗಿನ ನಿಜವಾದ ಶಾಖಕ್ಕೂ ಬಹಳ ವ್ಯತ್ಯಾಸವಿರಬಹುದು. ಒಳಗಿಡುವ ಓವನ್ ಥರ್ಮಾಮೀಟರ್ ಒಂದನ್ನು ಕೊಂಡರೆ ಪಾವ್ಲೋವಾಕ್ಕೆ ಮಾತ್ರವಲ್ಲ, ಮನೆಯಲ್ಲಿ ಮಾಡುವ ಪ್ರತಿ ಕೇಕಿಗೂ ಅದು ಉಪಯೋಗಕ್ಕೆ ಬರುತ್ತದೆ. ಮೊದಲ ಒಂದು ಗಂಟೆ ಬಾಗಿಲು ತೆರೆಯಲೇಬಾರದು. ಬೇಸಿಗೆಯ ಸಂಜೆ ಕರೆಂಟ್ ಹೋಗುವುದು ನಮಗೆ ಹೊಸದಲ್ಲವಾದ್ದರಿಂದ ಈ ಮಾತನ್ನೂ ಹೇಳಬೇಕು: ಬೇಯುವ ನಡುವೆ ಕರೆಂಟ್ ಹೋದರೆ ಗಾಬರಿಯಿಂದ ತೆರೆದು ನೋಡದೆ ಹಾಗೆಯೇ ಬಿಟ್ಟು, ಬಂದ ಮೇಲೆ ಉಳಿದ ಹೊತ್ತನ್ನು ಪೂರೈಸಬೇಕು.

ಹೊರಮೈ ಮುಟ್ಟಿದರೆ ಒಣಗಿದ್ದು, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬಂದು, ಕಾಗದ ಅಂಚಿನಲ್ಲಿ ಸಲೀಸಾಗಿ ಬಿಡುವಂತಿದ್ದರೆ ಓವನ್ ಆರಿಸಬಹುದು. ಹೊರಗೆ ಮಾತ್ರ ತೆಗೆಯಬಾರದು. ಬಾಗಿಲು ಮುಚ್ಚಿದಂತೆಯೇ ರಾತ್ರಿಯಿಡೀ ಒಳಗೇ ತಣ್ಣಗಾಗಲು ಬಿಟ್ಟರೆ ಮೆರಾಂಗ್ ಒಮ್ಮೆಲೇ ಕುಸಿಯುವುದಿಲ್ಲ, ಉಳಿದ ತೇವವೂ ಆರುತ್ತದೆ. ಕೂದಲೆಳೆಯ ಬಿರುಕುಗಳು ಬಂದೇ ಬರುತ್ತವೆ, ನಡುಭಾಗ ಸ್ವಲ್ಪ ಇಳಿಯುವುದೂ ಸಹಜ. ಕೆನೆ ಇರುವುದೇ ಅದನ್ನೆಲ್ಲ ಮುಚ್ಚಲು. ಮೇಲೆ ಜೇನಿನ ಬಣ್ಣದ ಹನಿಗಳು ಕಂಡರೆ ಶಾಖ ಹೆಚ್ಚಾಗಿದೆ ಅಥವಾ ಹೆಚ್ಚು ಹೊತ್ತು ಬೆಂದಿದೆ ಎಂದರ್ಥ. ಬೆಳಿಗ್ಗೆ ಅದನ್ನು ಗಾಳಿಯಾಡದ ದೊಡ್ಡ ಡಬ್ಬಿಗೆ ವರ್ಗಾಯಿಸಬೇಕು. ಫ್ರಿಜ್‌ನಲ್ಲಿಟ್ಟರೆ ತೇವ ಹೀರಿ ಅಂಟಾಗುತ್ತದೆ. ಮಂಗಳೂರು, ಕಾರವಾರಗಳಂಥ ಕರಾವಳಿಯ ಊರುಗಳಲ್ಲಿ ಬೇಸಿಗೆಯಲ್ಲೂ ಗಾಳಿ ಒದ್ದೆಯಾಗಿರುವುದರಿಂದ, ಬಡಿಸುವ ಹೊತ್ತಿನವರೆಗೆ ಆರಿದ ಓವನ್‌ನೊಳಗೇ ಬಿಡುವುದು ಮೇಲು.

ಕೆನೆಯ ವಿಷಯದಲ್ಲಿ ಪೊಟ್ಟಣದ ಮೇಲಿನ ಅಕ್ಷರ ಓದದೆ ಕೊಳ್ಳಬಾರದು. ಅಡುಗೆಗೆ ಬಳಸುವ ಶೇಕಡಾ 25 ಕೊಬ್ಬಿನ ಫ್ರೆಶ್ ಕ್ರೀಮ್ ಎಷ್ಟು ಕಡೆದರೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಶೇಕಡಾ 30ಕ್ಕಿಂತ ಹೆಚ್ಚು ಕೊಬ್ಬಿರುವ ವಿಪ್ಪಿಂಗ್ ಕ್ರೀಮ್ ಬೇಕು. ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಸಿಗುವ, ವನಸ್ಪತಿ ಎಣ್ಣೆಯಿಂದ ಮಾಡಿದ ಸಿಹಿ ಕ್ರೀಮ್ ಕೇಕಿಗೆ ಒಪ್ಪೀತು, ಮೊದಲೇ ಸಕ್ಕರೆಯ ರಾಶಿಯಾಗಿರುವ ಮೆರಾಂಗಿನ ಮೇಲೆ ಅದು ಬಾಯಿ ಕಟ್ಟಿಸುತ್ತದೆ. 250 ಮಿಲಿಲೀಟರ್ ವಿಪ್ಪಿಂಗ್ ಕ್ರೀಮಿಗೆ ಒಂದೇ ದೊಡ್ಡ ಚಮಚ ಸಕ್ಕರೆ ಪುಡಿ ಹಾಕಿ, ಫ್ರಿಜ್‌ನಲ್ಲಿ ತಣಿಸಿದ ಪಾತ್ರೆಯನ್ನು ಐಸ್ ನೀರಿನ ಮೇಲಿಟ್ಟು, ಮೆತ್ತಗೆ ತುದಿಗಟ್ಟುವವರೆಗೆ ಕಡೆಯಬೇಕು. ಅದಕ್ಕಿಂತ ಮುಂದೆ ಹೋದರೆ ಬೆಣ್ಣೆ ಬರುತ್ತದೆ. ಶ್ರೀಖಂಡಕ್ಕೆ ಮಾಡುವಂತೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರನ್ನು ಕಡೆದ ಕೆನೆಯ ಅರ್ಧದಷ್ಟು ಬೆರೆಸಿದರೆ ಬರುವ ತೆಳು ಹುಳಿ ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ನನಗಂತೂ ಬರಿಯ ಕೆನೆಗಿಂತ ಇದೇ ಇಷ್ಟ.

ಹಣ್ಣಿಗೂ ಇದೇ ಮಾತು ಅನ್ವಯಿಸುತ್ತದೆ: ಹುಳಿಯಿಲ್ಲದೆ ಪಾವ್ಲೋವಾ ಇಲ್ಲ. ಆಸ್ಟ್ರೇಲಿಯಾದಲ್ಲಿ ಪ್ಯಾಶನ್ ಫ್ರೂಟ್, ನ್ಯೂಜಿಲೆಂಡಿನಲ್ಲಿ ಕಿವಿ ಹಣ್ಣು, ಎರಡೂ ಕಡೆ ಸ್ಟ್ರಾಬೆರಿ ಹಾಕುವುದರ ಹಿಂದೆ ಈ ತರ್ಕವಿದೆ. ನಮ್ಮ ಮಾವುಗಳಲ್ಲಿ ಬಾದಾಮಿ ಮತ್ತು ಮಲ್ಲಿಕಾ ತಳಿಗಳು ಹೋಳು ಮಾಡಿದರೆ ಆಕಾರ ಬಿಡದೆ ನಿಲ್ಲುತ್ತವೆ. ರಸಪೂರಿಯನ್ನು ಸೀಕರಣೆಗೆ ಮೀಸಲಿಡಬೇಕು, ಏಕೆಂದರೆ ಅದರ ರಸ ಕ್ಷಣದಲ್ಲಿ ಕೆನೆಗಿಳಿದು ಕೆಳಗಿನ ಗರಿಗರಿಯನ್ನು ಕೆಡಿಸುತ್ತದೆ. ಬಾದಾಮಿಯ ಸಿಹಿ ಒಂದೇ ಆದರೆ ಮುಖ ಕಟ್ಟುವುದರಿಂದ, ಸಂಜೆ ಗಾಡಿಗಳಲ್ಲಿ ಉಪ್ಪುಖಾರ ಸವರಿ ಮಾರುವ ಗಿಣಿಮೂತಿ ಮಾವಿನ ಅರೆಹಣ್ಣನ್ನು ಬೇಳೆ ಗಾತ್ರಕ್ಕೆ ಹೆಚ್ಚಿ ಒಂದು ಹಿಡಿ ಉದುರಿಸಬೇಕು. ಕೊಡಗಿನ ಕಡೆಯ ಪ್ಯಾಶನ್ ಫ್ರೂಟ್ ಸಿಕ್ಕರೆ ಎರಡು ಹಣ್ಣಿನ ತಿರುಳನ್ನು ಬೀಜದ ಸಮೇತ ಮೇಲೆ ಹನಿಸುವುದಕ್ಕಿಂತ ಮಿಗಿಲಾದ ಅಲಂಕಾರವಿಲ್ಲ. ದಾಳಿಂಬೆ ಕಾಳು ನೀರು ಬಿಡುವುದಿಲ್ಲ, ನೋಡಲೂ ಸೊಗಸು. ಕಲ್ಲಂಗಡಿ ಬೇಡ. ಅನಾನಸ್ ಮತ್ತು ಕಿವಿ ಹಣ್ಣುಗಳಲ್ಲಿರುವ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆದು ಕೆನೆಗೆ ಕಹಿ ತರುತ್ತವೆ, ಹಾಗಾಗಿ ಅವನ್ನು ಬಳಸುವುದಾದರೆ ತಟ್ಟೆ ಹೊರಡುವ ಕ್ಷಣದಲ್ಲೇ ಇಡಬೇಕು. ಹೆಚ್ಚಿದ ಯಾವುದೇ ಹಣ್ಣನ್ನು ಹತ್ತು ನಿಮಿಷ ಜರಡಿಯಲ್ಲಿ ಬಸಿಯಲು ಬಿಡುವುದು ಲೇಸು.

ಮಿಕ್ಕ ಐದು ಹಳದಿಗಳಿಂದ ಲೆಮನ್ ಕರ್ಡ್ ಮಾಡಬಹುದು; ಹೆಸರಿನಲ್ಲಿ ಕರ್ಡ್ ಇದ್ದರೂ ಇದು ಮೊಸರಲ್ಲ, ನಿಂಬೆಯ ಹುಳಿಸಿಹಿ ಗಟ್ಟಿ ಸಾಸ್. ಅವಕ್ಕೆ 100 ಗ್ರಾಂ ಸಕ್ಕರೆ ಮತ್ತು 80 ಮಿಲಿಲೀಟರ್ ನಿಂಬೆರಸ ಬೆರೆಸಿ, ಕುದಿಯುವ ನೀರಿನ ಆವಿ ತಾಗುವಂತೆ ಪಾತ್ರೆಯನ್ನು ಮೇಲಿಟ್ಟು, ಕೈಬಿಡದೆ ತಿರುವುತ್ತ, ಸೌಟಿನ ಬೆನ್ನಿಗೆ ಅಂಟುವಷ್ಟು ಗಟ್ಟಿಯಾದಾಗ ಇಳಿಸಿ, 60 ಗ್ರಾಂ ಬೆಣ್ಣೆ ಕರಗಿಸಿ ತಣಿಸಬೇಕು. ಇದರ ಎರಡು ಮೂರು ಚಮಚವನ್ನು ಕೆನೆಯ ಮೇಲೆ ಎಳೆದರೆ ಬಾದಾಮಿ ಮಾವಿಗೆ ಬೇಕಾದ ಹುಳಿ ಅಲ್ಲಿಯೇ ದೊರೆಯುತ್ತದೆ.

ಊಟ ಮುಗಿದು ಎಲ್ಲರೂ ಮಾತಿಗೆ ಕುಳಿತಾಗ ಜೋಡಿಸಲು ತೊಡಗಿದರೆ ಸಾಕು. ಮೆರಾಂಗನ್ನು ಚಪ್ಪಟೆ ತಟ್ಟೆಗೆ ಇಳಿಸಿ, ತಗ್ಗಿನಲ್ಲಿ ಕೆನೆ ತುಂಬಿ, ಹಣ್ಣನ್ನು ಧಾರಾಳವಾಗಿ ಪೇರಿಸಿ, ಹದಿನೈದು ಇಪ್ಪತ್ತು ನಿಮಿಷದೊಳಗೆ ಬಡಿಸಬೇಕು. ಹಲ್ಲಿನ ಚಾಕುವಿನಿಂದ ಒತ್ತದೆ ಗರಗಸದಂತೆ ಆಡಿಸಿ ಕತ್ತರಿಸಿದರೆ ತುಂಡುಗಳು ಬರುತ್ತವೆ, ಪುಡಿಯೂ ಬೀಳುತ್ತದೆ; ಅದನ್ನು ತಡೆಯಲು ಹೆಣಗುವುದು ವ್ಯರ್ಥ.

ನೋಡಿದರೆ ಮೊಟ್ಟೆಯ ಸುಳಿವೇ ಸಿಗದ ತಿನಿಸಾದ್ದರಿಂದ ಅತಿಥಿಗಳಿಗೆ ಮೊದಲೇ ತಿಳಿಸುವುದು ಕರ್ತವ್ಯ. ಮೊಟ್ಟೆ ತಿನ್ನದವರಿಗೆ ಕಾಬೂಲಿ ಕಡಲೆ ಬೇಯಿಸಿದ ನೀರಿನಿಂದ ಪ್ರತ್ಯೇಕ ಪಾತ್ರೆ, ಪ್ರತ್ಯೇಕ ಬೀಟರಿನಲ್ಲಿ ಮೆರಾಂಗ್ ಮಾಡಬಹುದು. ಆ ನೀರು ಮೊಟ್ಟೆಯ ಬಿಳಿಯಂತೆ ನೊರೆಗಟ್ಟುವುದನ್ನು 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ತೋರಿಸಿಕೊಟ್ಟರು. ನೆನೆಸಿದ ಕಡಲೆಯನ್ನು ಉಪ್ಪಿಲ್ಲದೆ ಕುಕ್ಕರಿನಲ್ಲಿ ಬೇಯಿಸಿ, ಅದೇ ನೀರಿನಲ್ಲಿ ತಣಿಯಲು ಬಿಟ್ಟು, ಸೋಸಿದ ನೀರನ್ನು ಲೋಳೆಯಾಗುವವರೆಗೆ ಕುದಿಸಿ ಇಂಗಿಸಿ ಫ್ರಿಜ್‌ನಲ್ಲಿಡಬೇಕು. ಅದರ 120 ಮಿಲಿಲೀಟರಿಗೆ ಒಂದು ಚಹಾ ಚಮಚ ನಿಂಬೆರಸ ಹಾಕಿ, ಹದಿನೈದು ನಿಮಿಷದವರೆಗೂ ಕಡೆಯುತ್ತ 150 ಗ್ರಾಂ ಸಣ್ಣ ಸಕ್ಕರೆ ಸೇರಿಸಬೇಕು. ಇದು ದೊಡ್ಡ ಬಿಲ್ಲೆಯಾಗಿ ನಿಲ್ಲುವಷ್ಟು ಗಟ್ಟಿಯಲ್ಲ. ಅಂಗೈ ಅಗಲದ ಸಣ್ಣ ಬಿಲ್ಲೆಗಳಾಗಿ ಹರಡಿ 100 ಡಿಗ್ರಿಯಲ್ಲಿ ಒಂದೂವರೆ ಗಂಟೆ ಒಣಗಿಸಿದರೆ ಒಳತಿರುಳು ಮೆತ್ತಗಿರದಿದ್ದರೂ ಗರಿಗರಿಗೆ ಕೊರತೆಯಾಗುವುದಿಲ್ಲ.

ಜೋಡಿಸಿದ ಪಾವ್ಲೋವಾ ಮಿಕ್ಕರೆ ಫ್ರಿಜ್‌ನಲ್ಲಿಡುವುದು ಅನಿವಾರ್ಯ, ಮರುದಿನ ಅದು ಮೆತ್ತಗಾಗಿರುತ್ತದೆ. ಅದನ್ನು ಚಮಚದಿಂದ ಒಡೆದು ಗಾಜಿನ ಲೋಟಗಳಿಗೆ ಹಾಕಿ, ಮೇಲೆ ಮಾವಿನ ರಸ ಸುರಿದು ಕೊಟ್ಟರೆ ಮಕ್ಕಳು ಹಿಂದಿನ ದಿನದ್ದಕ್ಕಿಂತ ಇದನ್ನೇ ಹೆಚ್ಚು ಕೇಳುತ್ತಾರೆ.