ಬೋರ್ ಒಳಗೆ ನುಣುಪು ತರುವುದು: ನನ್ನ ಅನುಭವ

ಚಿಂತಾಮಣಿಯಲ್ಲಿ ಲೇತ್ ಇಟ್ಟುಕೊಂಡವರಿಗೆ ಬೋರಿಂಗ್ ಕೆಲಸಕ್ಕೆ, ಅಂದರೆ ತಿರುಗುವ ಲೋಹದ ಭಾಗದ ತೂತನ್ನು (ಬೋರ್) ಒಳಗಿನಿಂದ ಕೆತ್ತಿ ಅಳತೆಗೆ ತರುವ ಕೆಲಸಕ್ಕೆ, ಬರವಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಮರಳು ತಿಂದು ಸವೆದ ಸಬ್‌ಮರ್ಸಿಬಲ್ ಪಂಪಿನ ಬುಷ್ (ಶಾಫ್ಟ್ ಒಳಗೆ ತಿರುಗುವ ಲೋಹದ ಬಳೆ) ಹಿಡಿದು ರೈತರು ಬರುತ್ತಾರೆ. ಶಿಡ್ಲಘಟ್ಟದ ಕಡೆಯಿಂದ ರೇಷ್ಮೆ ನೂಲು ತೆಗೆಯುವ ಮಷೀನಿನ ಬೇರಿಂಗ್ ಹೌಸಿಂಗ್ (ಬೇರಿಂಗ್ ಕೂರುವ ಗೂಡು) ಬರುತ್ತದೆ. ಹೊರಗಿನ ಟರ್ನಿಂಗ್ ಹೊಳೆಯುವ ಹಾಗೆ ಮಾಡುವುದು ದೊಡ್ಡ ವಿಷಯವಲ್ಲ. ಒಳಗೆ ಹೋದಾಗಲೇ ಟೂಲ್ ಕಿರುಚುವುದು, ಮೀನಿನ ಹುರುಪೆಯ ಹಾಗೆ ಗೆರೆ ಬೀಳುವುದು.

ನಾನು ಮೊದಲು ನೋಡುವುದು ಕತ್ತರಿಸುವ ಟಿಪ್ ಅಲ್ಲ, ಅದನ್ನು ಹೊತ್ತು ತೂತಿನೊಳಗೆ ಹೋಗುವ ಬಾರ್. ಟೂಲ್ ಹಿಡಿದಿಡುವ ಟೂಲ್ ಪೋಸ್ಟಿನಿಂದ ಬಾರ್ ಎಷ್ಟು ಹೊರಗೆ ಚಾಚಿದೆ ಎನ್ನುವುದೇ ಅರ್ಧ ಫಿನಿಶ್ ತೀರ್ಮಾನ ಮಾಡುತ್ತದೆ. ಅದೇ ಕಟ್‌ಗೆ ಚಾಚಿದ ಉದ್ದ ಎರಡು ಪಟ್ಟಾದರೆ ಬಾರ್ ಬಾಗುವುದು 8 ಪಟ್ಟು. ದಪ್ಪ ಎರಡು ಪಟ್ಟಾದರೆ ಬಾಗುವುದು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸ್ಟೀಲ್ ಬಾರ್ ಅದರ ದಪ್ಪದ 4 ಪಟ್ಟಿನವರೆಗೆ ಮಾತು ಕೇಳುತ್ತದೆ. 16 ಮಿ.ಮೀ. ಬಾರ್ ಆದರೆ 64 ಮಿ.ಮೀ. ಅಷ್ಟೇ. ಅದಕ್ಕಿಂತ ಆಳ ಇದ್ದರೆ ಸಾಲಿಡ್ ಕಾರ್ಬೈಡ್ ಬಾರ್ ಬೇಕು, ಅದು ಸುಮಾರು 6 ಪಟ್ಟಿನವರೆಗೆ ತಡೆಯುತ್ತದೆ. ಆದರೆ ಅದರ ಬೆಲೆ ಕೇಳಿದರೆ ಸಣ್ಣ ವರ್ಕ್‌ಶಾಪಿನವರಿಗೆ ತಲೆ ತಿರುಗುತ್ತದೆ.

ಹಾಗಾಗಿ ನನ್ನ ಲೇತ್‌ಗೆ ಸಿಗುವ ಅತಿ ದೊಡ್ಡ ಡ್ರಿಲ್ ಹಾಕಿ ತೂತು ಅಗಲ ಮಾಡಿಕೊಳ್ಳುತ್ತೇನೆ. ಆಮೇಲೆ ಒಳಗೆ ಹಿಡಿಸುವ ಅತಿ ದಪ್ಪ ಬಾರ್, ಚಿಪ್ಸ್ (ಕತ್ತರಿಸಿದ ಲೋಹದ ಚೂರು) ಹೊರಗೆ ಬರಲು ಜಾಗ ಬಿಟ್ಟು. 6205 ಬೇರಿಂಗ್‌ನ ಹೌಸಿಂಗ್ 52 ಮಿ.ಮೀ. ಬೋರ್. ಅದಕ್ಕೆ 25 ಮಿ.ಮೀ. ಬಾರ್ ಸುಲಭವಾಗಿ ಹೋಗುತ್ತದೆ. ಆದರೂ ಎಷ್ಟೋ ಕಡೆ ಕೈಗೆ ಸಿಕ್ಕಿತು ಅಂತ 12ರ ಬಾರ್‌ನಲ್ಲೇ ಒದ್ದಾಡುತ್ತಾರೆ. ಬಾರ್ ಹಿಡಿಯಲು ಎರಡು ಬೋಲ್ಟ್ ಸಾಲದು. ಸೀಳಿದ ಸ್ಲೀವ್‌ನಲ್ಲಿ ಸುತ್ತಲೂ ಬಿಗಿಯಾಗಿ ಹಿಡಿದರೆ ನಡುಕ ಕಣ್ಣಿಗೆ ಕಾಣುವಷ್ಟು ಕಮ್ಮಿಯಾಗುತ್ತದೆ. ಟೂಲ್ ಪೋಸ್ಟ್ ಕೂತಿರುವ ಕಾಂಪೌಂಡ್ ಸ್ಲೈಡ್ ಲಾಕ್, ಸ್ಲೈಡಿನ ಸಡಿಲ ತೆಗೆಯುವ ಗಿಬ್ ಪಟ್ಟಿ ಬಿಗಿ, ಇವೆಲ್ಲ ಹೇಳಬೇಕಾಗಿಲ್ಲ ಅಲ್ವಾ.

ಟಿಪ್ಪನ್ನು ಸೆಂಟರ್‌ಗಿಂತ (ತೂತಿನ ನಡುಗೆರೆಗಿಂತ) ಕೂದಲೆಳೆಯಷ್ಟು ಮೇಲೆ ಇಡುತ್ತೇನೆ. ಕಟ್ ಬಿದ್ದಾಗ ಬಾರ್ ಕೆಳಕ್ಕೆ ಬಾಗುತ್ತದೆ. ಮೊದಲೇ ಕೆಳಗಿದ್ದರೆ ಟಿಪ್ಪಿನ ಹೊಟ್ಟೆ ಜಾಬ್‌ಗೆ (ಕೆತ್ತುತ್ತಿರುವ ಭಾಗಕ್ಕೆ) ಉಜ್ಜುತ್ತದೆ.

ಈಗ ನನ್ನ ಜೊತೆ ಹಳೆಯ ಕೈಗಳು ಜಗಳಕ್ಕೆ ಬರುವ ಮಾತು. ನುಣುಪು ಬೇಕೆಂದರೆ ಕೊನೆಯ ಕಟ್ ತೀರಾ ಸಣ್ಣದಿರಬೇಕು ಎಂದು ಎಲ್ಲರೂ ನಂಬುತ್ತಾರೆ. ಬೋರಿಂಗ್‌ನಲ್ಲಿ ಅದು ನಡೆಯುವುದಿಲ್ಲ. 0.02 ಮಿ.ಮೀ. ಕಟ್ ಕೊಟ್ಟರೆ ಮೂತಿಯ ದುಂಡಿಗೆ 0.4 ಮಿ.ಮೀ. ರೇಡಿಯಸ್ ಇರುವ ಟಿಪ್ ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುತ್ತದೆ. ಬಾರ್ ಪಕ್ಕಕ್ಕೆ ತಳ್ಳಿಸಿಕೊಂಡು, ಒಂದು ಕಡೆ ಹೊಳಪು, ಇನ್ನೊಂದು ಕಡೆ ಮಂಕು. ನಾನು ಕೊನೆಗೆ 0.2ರಿಂದ 0.25 ಮಿ.ಮೀ. ಆಳ ಉಳಿಸಿಕೊಳ್ಳುತ್ತೇನೆ. ಅದರ ಹಿಂದಿನ ಕಟ್ ಕೂಡ ಅಷ್ಟೇ ಆಳ, ಅದೇ ಸ್ಪೀಡ್, ಅದೇ ಫೀಡ್ (ಜಾಬ್ ಒಂದು ಸುತ್ತು ತಿರುಗುವಾಗ ಟೂಲ್ ಮುಂದೆ ಸರಿಯುವ ದೂರ). ಎರಡರಲ್ಲೂ ಬಾರ್ ಒಂದೇ ಥರ ಬಾಗುತ್ತದೆ. ಮೊದಲನೆಯದರ ನಂತರ ಬೋರ್ ಗೇಜ್ ಹಾಕಿದರೆ ಎರಡನೆಯದು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾಗಿಬಿಡುತ್ತದೆ. ಬೇರಿಂಗ್ ಹೌಸಿಂಗ್‌ಗೆ 52.000ರಿಂದ 52.030ರ ಒಳಗೆ ಬರಬೇಕು, ಊಹೆಗೆ ಜಾಗ ಇಲ್ಲ.

ಫೀಡ್‌ಗೆ ಲೆಕ್ಕ ಇದೆ. ಫೀಡನ್ನು ಅದರಿಂದಲೇ ಗುಣಿಸಿ, ರೇಡಿಯಸ್‌ನ 8 ಪಟ್ಟಿನಿಂದ ಭಾಗಿಸಿದರೆ ಗೆರೆಯ ಎತ್ತರ ಸಿಗುತ್ತದೆ. 0.4 ರೇಡಿಯಸ್ ಟಿಪ್, ಒಂದು ಸುತ್ತಿಗೆ 0.2 ಮಿ.ಮೀ. ಫೀಡ್ ಆದರೆ 12.5 ಮೈಕ್ರಾನ್. ಫೀಡ್ 0.1ಕ್ಕೆ ಇಳಿಸಿದರೆ 3 ಚಿಲ್ಲರೆ. ಹಾಗಾದರೆ 0.8ರ ಟಿಪ್ ಹಾಕಿದರೆ ಇನ್ನೂ ನುಣುಪಲ್ಲವೇ? ಕಾಗದದ ಮೇಲೆ ಹೌದು. ತೂತಿನೊಳಗೆ ದೊಡ್ಡ ರೇಡಿಯಸ್ ಬಾರನ್ನು ಜಾಸ್ತಿ ತಳ್ಳಿ ಚಾಟರ್ (ಕಿರುಚುವ ನಡುಕ) ಎಬ್ಬಿಸುತ್ತದೆ. ತೆಳು ಬಾರ್ ಇದ್ದರೆ 0.2 ರೇಡಿಯಸ್ಸೇ ವಾಸಿ.

ಮೈಲ್ಡ್ ಸ್ಟೀಲ್‌ನಲ್ಲಿ ಕಾರ್ಬೈಡ್ ಟಿಪ್ ಹಾಕಿ ನಿಧಾನ ಓಡಿಸಿದರೆ ಲೋಹ ಟಿಪ್ಪಿಗೆ ಅಂಟಿಕೊಂಡು ಬೋರ್ ಹರಿದ ಹಾಗೆ ಕಾಣುತ್ತದೆ. 50 ಮಿ.ಮೀ. ಬೋರ್‌ಗೆ ನಾನು 760 ಆರ್‌ಪಿಎಂ ಸುತ್ತಮುತ್ತ ಇಡುತ್ತೇನೆ, ಅಂದರೆ ನಿಮಿಷಕ್ಕೆ 120 ಮೀಟರ್. ಕಿರುಚಿದರೆ ಮೊದಲು ಬಾರ್ ಗಿಡ್ಡ ಮಾಡಿ, ಆಮೇಲೆ ಸ್ಪೀಡ್ ಇಳಿಸಿ. ಸ್ವಲ್ಪ ಫೀಡ್ ಏರಿಸಿದರೂ ಎಷ್ಟೋ ಸಲ ಸುಮ್ಮನಾಗುತ್ತದೆ.

ಕಟ್ ಮುಗಿದ ಮೇಲೆ ಓಡುತ್ತಿರುವಾಗಲೇ ಬಾರ್ ಎಳೆಯಬೇಡಿ. ಹೊಸ ಬೋರ್ ಮೇಲೆ ಸುರುಳಿ ಗೀರು ಬೀಳುತ್ತದೆ. ಜಾಬ್ ಹಿಡಿದು ತಿರುಗುವ ಚಕ್ ನಿಲ್ಲಿಸಿ, ಟಿಪ್ಪನ್ನು ನಡುವಿಗೆ ಸರಿಸಿ, ಆಮೇಲೆ ಹೊರಗೆ ತನ್ನಿ.

ಪಂಪಿನ ಕಂಚಿನ ಬುಷ್‌ಗೆ ಬೇರೆ ಲೆಕ್ಕ. ಜಾಸ್ತಿ ರೇಕ್ (ಟಿಪ್ಪಿನ ಮೇಲ್ಮುಖದ ಇಳಿಜಾರು) ಇದ್ದರೆ ಟೂಲ್ ಒಳಕ್ಕೆ ಎಳೆದುಕೊಂಡು ಕಚ್ಚುತ್ತದೆ. ಮೇಲ್ಮುಖ ಹೆಚ್ಚುಕಮ್ಮಿ ಚಪ್ಪಟೆಯಾಗಿ, ಅಂಚು ಮಾತ್ರ ಬ್ಲೇಡಿನಷ್ಟು ಚೂಪಾಗಿ ಇರಬೇಕು. ತೆಳು ಬುಷ್ಷನ್ನು ಮೂರು ಜಾ (ಹಿಡಿಯುವ ದವಡೆ) ಇರುವ ಚಕ್‌ನಲ್ಲಿ ಬಲವಾಗಿ ಬಿಗಿದರೆ, ಬಿಚ್ಚಿದ ಮೇಲೆ ಬೋರ್ ಗುಂಡಗಿರುವುದಿಲ್ಲ. ಫಿನಿಶ್ ಕಟ್‌ಗೆ ಮೊದಲು ಚಕ್ ಸ್ವಲ್ಪ ಸಡಿಲ ಮಾಡುತ್ತೇನೆ. ಎಮರಿ ಪೇಪರ್ ಮಾತ್ರ ಬೇಡವೇ ಬೇಡ. ಬೆರಳಿಗೆ ಅಪಾಯ ಅನ್ನುವುದು ಒಂದು. ಅದರ ಕಣಗಳು ಮೆತ್ತನೆಯ ಕಂಚಿನಲ್ಲಿ ಹೂತುಕೊಂಡು ಶಾಫ್ಟನ್ನು ತಿನ್ನುವುದು ಇನ್ನೊಂದು. ಇನ್ನು ಹೌಸಿಂಗ್‌ಗೆ ಒತ್ತಿ ಕೂರಿಸಿದ ಮೇಲೆ ಬುಷ್ಷಿನ ಬೋರ್ ಸ್ವಲ್ಪ ಕುಗ್ಗುತ್ತದೆ. ಅದಕ್ಕೇ ಕೊನೆಯ ಎರಡು ಕಟ್ ನಾನು ಕೊಡುವುದು ಬುಷ್ ಒತ್ತಿದ ಮೇಲೆ, ಹೌಸಿಂಗ್ ಸಮೇತ ಚಕ್‌ಗೆ ಕಟ್ಟಿ, ಡಯಲ್ ಗೇಜ್ ಹಾಕಿ ಸೆಂಟರ್ ಮಾಡಿಕೊಂಡು.