ಹಳ್ಳದಿಂದ ಕೆರೆಗೆ: ಸ್ಯಾಂಕಿ ಎಂಬ ಹೆಸರನ್ನು ನಾನು ಹುಡುಕಿದ್ದು

ನಮ್ಮ ಕುಂದಾಪುರದ ಕಡೆ ತೋಡು ದಾಟಲು ಹಾಕುವ ಅಡಿಕೆ ಮರದ ಕಾಲುಸೇತುವೆಗೆ ಸಂಕ ಅನ್ನುತ್ತೇವೆ. ಬೆಂಗಳೂರಿಗೆ ಬಂದ ಹೊಸದರಲ್ಲಿ ಸ್ಯಾಂಕಿ ಕೆರೆಯ ಹೆಸರು ಕೇಳಿ, ಇಲ್ಲೂ ಒಂದು ಸಂಕ ಇದ್ದಿರಬೇಕು ಅಂದುಕೊಂಡೆ. ಅದು ರಿಚರ್ಡ್ ಹೈರಮ್ ಸ್ಯಾಂಕಿ ಎಂಬ ಎಂಜಿನಿಯರ್ ಹೆಸರು, 1882ರಲ್ಲಿ ಕೆರೆ ಕಟ್ಟಿಸಿದವರು, ಈಗ ಹೈಕೋರ್ಟ್ ಇರುವ ಅಠಾರಾ ಕಚೇರಿಯ ವಿನ್ಯಾಸವೂ ಅವರದೇ ಎಂದು ತಿಳಿದದ್ದು ಆಮೇಲೆ. ಹುಟ್ಟಿದ್ದು 1829ರಲ್ಲಿ, ಐರ್ಲೆಂಡಿನ ಟಿಪ್ಪರೇರಿಯಲ್ಲಿ. ಆದರೆ ಐರಿಷ್ ಮನೆತನಗಳಲ್ಲಿ ಸಾಮಾನ್ಯವಾದ ‘ಓ’ ಆಗಲಿ ‘ಮ್ಯಾಕ್’ ಆಗಲಿ ಹೆಸರಿನ ಮುಂದೆ ಇಲ್ಲ. ಐರಿಷ್ ನೆಲದಲ್ಲಿ ಹುಟ್ಟಿದವರಿಗೆ ಈ ಹೆಸರು ಎಲ್ಲಿಂದ ಬಂತು? ಈ ಪ್ರಶ್ನೆಯ ಹಿಂದೆ ಎರಡು ಮಳೆಗಾಲ ಕಳೆದೆ.

ಹೆಸರುಗಳ ವಿಷಯದಲ್ಲಿ ಕಿವಿಯನ್ನು ನಂಬಬಾರದು ಅನ್ನುವುದನ್ನು ಸಂಕವೇ ಕಲಿಸಿತ್ತು. ಹಾಗಾಗಿ ಮನುಷ್ಯರನ್ನು ಬಿಟ್ಟು ಮೊದಲು ಊರು ಹುಡುಕಿದೆ. ಇಂಗ್ಲೆಂಡಿನ ಎಷ್ಟೋ ಮನೆತನದ ಹೆಸರುಗಳು ಊರ ಹೆಸರುಗಳೇ. ನಮ್ಮಲ್ಲಿ ಹುಬ್ಬಳ್ಳಿ, ನರಗುಂದ ಅಂತ ಅಡ್ಡಹೆಸರು ಇರುವ ಹಾಗೆ. ಊರಲ್ಲೇ ಇದ್ದವನನ್ನು ಯಾರೂ ಊರ ಹೆಸರಿನಿಂದ ಕರೆಯುವುದಿಲ್ಲ. ಬಿಟ್ಟು ಹೋದವನಿಗೇ ಅದು ಅಂಟಿಕೊಳ್ಳುತ್ತದೆ. ನಕ್ಷೆಯಲ್ಲಿ ವಾರಿಂಗ್ಟನ್ ಪಕ್ಕದಲ್ಲೇ ಗ್ರೇಟ್ ಸ್ಯಾಂಕಿ ಸಿಕ್ಕಿತು. ಮೊದಲು ಲ್ಯಾಂಕಷೈರಿಗೆ ಸೇರಿದ್ದ ಊರು, ಈಗ ಚೆಷೈರ್. 12ನೇ ಶತಮಾನದ ದಾಖಲೆಯಲ್ಲಿ ಅದರ ರೂಪ ‘ಸೊಂಕಿ’. ಆ ಊರಿಗೆ ಹೆಸರು ಬಂದದ್ದು ಅಲ್ಲಿ ಹರಿಯುವ ಸ್ಯಾಂಕಿ ಹಳ್ಳದಿಂದ. ಹಳ್ಳದ ಹೆಸರಂತೂ ಇಂಗ್ಲಿಷ್ ಭಾಷೆ ಆ ದ್ವೀಪಕ್ಕೆ ಬರುವ ಮೊದಲಿನದು, ಹಳೆಯ ಬ್ರಿಟನ್ನರ ಕೆಲ್ಟಿಕ್ ನುಡಿಯದು. ಇದನ್ನು ಓದಿದ ಸಂಜೆ ಕೆರೆ ಏರಿಯ ಮೇಲೆ ಎರಡು ಸುತ್ತು ಹೆಚ್ಚು ನಡೆದೆ. ನೀರಿನಿಂದ ಊರಿಗೆ, ಊರಿನಿಂದ ಮನೆತನಕ್ಕೆ, ಮನೆತನದಿಂದ ಮತ್ತೆ ನಮ್ಮ ನೀರಿಗೆ! (ಅದೇ ಹಳ್ಳದ ಬದಿಯಲ್ಲಿ 1757ರಲ್ಲಿ ಕಾಲುವೆ ತೋಡಿದರು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲಿಗಾಗಿ ಆ ಕಣಿವೆಗೆ ಒಂಬತ್ತು ಕಮಾನಿನ ಸೇತುವೆ ಬಂತು.)

ಐರ್ಲೆಂಡಿನ ಕೊಂಡಿ ಸಿಕ್ಕಿದ್ದು 17ನೇ ಶತಮಾನದಲ್ಲಿ ಐರ್ಲೆಂಡನ್ನು ಗೆದ್ದ ಇಂಗ್ಲಿಷ್ ದಂಡನಾಯಕ ಕ್ರಾಮ್‌ವೆಲ್ ಕಾಲದಲ್ಲಿ. ಅವನ ಸೈನ್ಯದ ಕರ್ನಲ್ ಹೈರೋಮ್ ಸ್ಯಾಂಕಿ ಟಿಪ್ಪರೇರಿ ಸೀಮೆಯಲ್ಲಿ ನೆಲೆಯೂರಿದವನು. ಐರಿಷರಿಂದ ಕಿತ್ತುಕೊಂಡ ಭೂಮಿ ಸೈನಿಕರಿಗೆ ಹಂಚಿಕೆಯಾದ ಕಾಲ ಅದು. ಆ ನೋವನ್ನು ಬದಿಗಿಟ್ಟು ಈ ಹೆಸರಿನ ಪಯಣ ಹೇಳಲಾರೆ. ಆ ಭೂಮಿಯನ್ನು ಅಳೆದವನು ವಿಲಿಯಂ ಪೆಟ್ಟಿ. 1659ರಲ್ಲಿ ಸ್ಯಾಂಕಿ ಪಾರ್ಲಿಮೆಂಟಿನಲ್ಲಿ ಪೆಟ್ಟಿಯ ಮೇಲೆ ಆರೋಪ ಹೊರಿಸಿದ. ದ್ವಂದ್ವಯುದ್ಧಕ್ಕೂ ಕರೆದನಂತೆ. ಪೆಟ್ಟಿಗೆ ದೂರದ್ದು ಕಾಣುತ್ತಿರಲಿಲ್ಲ. ಹಾಗಾಗಿ ಕತ್ತಲೆಯ ನೆಲಮಾಳಿಗೆಯಲ್ಲಿ ಬಡಗಿಯ ಕೊಡಲಿ ಹಿಡಿದು ಹೋರಾಡೋಣ ಅಂದನಂತೆ. ಅಲ್ಲಿಗೆ ಜಗಳ ನಿಂತಿತು.

ಈ ಹೈರೋಮ್‌ನನ್ನು ಹುಡುಕುವಾಗ ನಾನು ತಿಂಗಳುಗಟ್ಟಲೆ ಎಡವಿದೆ. ಕಾರಣ ಕಾಗುಣಿತ. ಕೆಲವು ಕಾಗದಗಳಲ್ಲಿ ಅವನು ‘ಜಾಂಕಿ’, ಕೆಲವೆಡೆ ‘ಸಾಂಚಿ’. ಮನೆತನದ ಹೆಸರು ಹುಡುಕುವವರಿಗೆ ನನ್ನದೊಂದು ಮಾತು: ಅಕ್ಷರವನ್ನಲ್ಲ, ಉಚ್ಚಾರವನ್ನು ಹುಡುಕಿ. ಬರೆದುಕೊಂಡ ಗುಮಾಸ್ತನಿಗೆ ಕೇಳಿಸಿದ್ದೇ ದಾಖಲೆ.

ಐರ್ಲೆಂಡಿನಲ್ಲಿ ಇನ್ನೊಂದು ಗೋಡೆ ಎದುರಾಗುತ್ತದೆ. 1922ರ ಜೂನ್ 30ರಂದು ಡಬ್ಲಿನ್ನಿನ ದಾಖಲೆಗಳ ಕಚೇರಿ ಅಂತರ್ಯುದ್ಧದಲ್ಲಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು, ಉಯಿಲುಗಳು, ಪ್ರಾಟೆಸ್ಟೆಂಟ್ ಚರ್ಚುಗಳ ಎಷ್ಟೋ ಜನ್ಮಪುಸ್ತಕಗಳು ಒಂದೇ ದಿನ ಬೂದಿ. ಪೂರ್ತಿ ಉಳಿದಿರುವ ಹಳೆಯ ಜನಗಣತಿಗಳು 1901 ಮತ್ತು 1911ರವು. ಅವೆರಡನ್ನೂ ಪುಕ್ಕಟೆ ನೋಡಬಹುದು. ಅದಕ್ಕೂ ಹಿಂದಿನದಕ್ಕೆ 19ನೇ ಶತಮಾನದ ನಡುವೆ ತೆರಿಗೆಗಾಗಿ ನಡೆದ ಗ್ರಿಫಿತ್‌ನ ಜಮೀನು ಮೌಲ್ಯಮಾಪನವೇ ಆಸರೆ. ನನಗೆ ಅನಿರೀಕ್ಷಿತವಾಗಿ ದಾರಿ ತೋರಿದ್ದು ಭಾರತದ ಕಾಗದಗಳು. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಕೆಡೆಟ್ ಆಗುವ ಹುಡುಗ ತನ್ನ ದೀಕ್ಷಾಸ್ನಾನದ ಪತ್ರದ ನಕಲು ಕೊಡಬೇಕಿತ್ತು. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಡಬ್ಲಿನ್ನಿನಲ್ಲಿ ಮೂಲ ಸುಟ್ಟಿದ್ದರೂ ಮದ್ರಾಸಿಗೆ ಹೊರಟ ಹುಡುಗನ ಕಾಗದ ಉಳಿದಿರುತ್ತದೆ.

ನಾನು ವಿದ್ಯುತ್ ಲೆಕ್ಕ ನೋಡುವ ಕೆಲಸದವನು. ಶಕ್ತಿ ಎಲ್ಲಿ ಹರಿಯಿತು, ಎಷ್ಟು ಸೋರಿತು ಎಂದು ದಪ್ಪ–ತೆಳು ಬಾಣಗಳಲ್ಲಿ ತೋರಿಸುವ ಸ್ಯಾಂಕಿ ಚಿತ್ರವನ್ನು ದಿನವೂ ಬರೆಯುತ್ತೇನೆ. ಅದನ್ನು 1898ರಲ್ಲಿ ಉಗಿ ಎಂಜಿನ್ನಿಗಾಗಿ ಬರೆದ ಕ್ಯಾಪ್ಟನ್ ಮ್ಯಾಥ್ಯೂ ಸ್ಯಾಂಕಿಯೂ ಟಿಪ್ಪರೇರಿಯ ನೀನಾ ಊರಿನವರೇ, ಹುಟ್ಟಿದ್ದು 1853ರಲ್ಲಿ! ಅಂದು ರಾತ್ರಿ ಹೈರೋಮ್, ಹೈರಮ್, ಮ್ಯಾಥ್ಯೂ ಮೂವರನ್ನೂ ಒಂದೇ ಬಳ್ಳಿಗೆ ಶಾಯಿಯಲ್ಲಿ ಕಟ್ಟಿಬಿಟ್ಟೆ. ಬೆಳಿಗ್ಗೆ ಎದ್ದು ಹೊಸ ಹಾಳೆ ತೆಗೆದೆ. ಹೆಸರು ಒಂದೇ, ಜಿಲ್ಲೆ ಒಂದೇ ಅನ್ನುವುದು ಸಂಬಂಧಕ್ಕೆ ಸಾಕ್ಷಿಯಲ್ಲ. ಒಂದೊಂದು ತಲೆಮಾರಿಗೂ ಒಂದೊಂದು ಕಾಗದ ಬೇಕು. ಈಗ ಆ ಮೂವರ ನಡುವೆ ಇರುವುದು ಪೆನ್ಸಿಲ್ ಗೆರೆಗಳು.