ಮರಗಳ ಆರೈಕೆಯ ಸಂಸ್ಥೆಗೆ ಜಾಲತಾಣ ರೂಪಿಸುವ ಬಗೆ

ಬೆಂಗಳೂರಿನಲ್ಲಿ ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಗುಲ್‌ಮೊಹರಿನ ಕೊಂಬೆ ಮುರಿದು ಕಾರಿನ ಮೇಲೆ ಬಿದ್ದಾಗ, ಮನೆಯವರು ನೆರವಿಗಾಗಿ ಮೊಬೈಲಿನಲ್ಲೇ ಹುಡುಕುತ್ತಾರೆ. ಆದ್ದರಿಂದ ಮೊದಲ ಪುಟದ ಮೇಲ್ಭಾಗದಲ್ಲೇ ಒತ್ತಿದರೆ ಕರೆ ಹೋಗುವ ದೂರವಾಣಿ ಸಂಖ್ಯೆ, ನೀವು ಕೆಲಸ ಮಾಡುವ ಬಡಾವಣೆಗಳ ಹೆಸರು ಮತ್ತು ರಾತ್ರಿ ಬರುತ್ತೀರೋ ಇಲ್ಲವೋ ಎಂಬ ಸ್ಪಷ್ಟ ಮಾತು ಇರಲಿ.

ನಂಬಿಕೆ ಹುಟ್ಟಿಸುವುದು ಚಿತ್ರಗಳು. ಎಲ್ಲಿಂದಲೋ ತಂದ ಹಸಿರು ಕಾಡಿನ ಚಿತ್ರ ಬೇಡವೇ ಬೇಡ; ಒಂದೇ ಮರವನ್ನು ಒಂದೇ ಜಾಗದಲ್ಲಿ ನಿಂತು, ಸವರುವ ಮೊದಲು ಮತ್ತು ನಂತರ ತೆಗೆದ ಚಿತ್ರಗಳನ್ನು ಹಾಕಿ. ಕೊಂಬೆಯ ಬುಡದಲ್ಲಿ ಉಬ್ಬಿರುವ ಭಾಗಕ್ಕೆ ಗಾಯವಾಗದಂತೆ ಅದರ ಹೊರಗೇ ಕತ್ತರಿಸಿರುವುದು ಹತ್ತಿರದ ಚಿತ್ರದಲ್ಲಿ ಕಾಣಬೇಕು, ಏಕೆಂದರೆ ಗಾಯ ಮಾಯುವುದು ಅಲ್ಲಿಂದಲೇ. ಹೆಲ್ಮೆಟ್, ಹಗ್ಗ, ಸೊಂಟಪಟ್ಟಿ ಧರಿಸಿದ ಕೆಲಸಗಾರರೂ ಕಾಣಲಿ.

ಅನುಮತಿಗೆಂದೇ ಒಂದು ಪುಟ ಮೀಸಲಿಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಸ್ವಂತ ಜಾಗದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕೆಂಬುದನ್ನು ಅಲ್ಲಿ ತಿಳಿಸಿ. ಅನುಮತಿಯಿಲ್ಲದೆ ಕಡಿಯುವುದಿಲ್ಲವೆಂದು ನೇರವಾಗಿಯೇ ಬರೆಯಿರಿ.

ವಿಚಾರಣೆಯ ಅರ್ಜಿ ಚಿಕ್ಕದಿರಲಿ: ಮರದ ಚಿತ್ರ, ವಿಳಾಸ, ಪಕ್ಕದಲ್ಲಿ ವಿದ್ಯುತ್ ತಂತಿ ಇದೆಯೇ ಎಂಬ ಪ್ರಶ್ನೆ, ಇಷ್ಟು ಸಾಕು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಅದು ಲಭ್ಯವಿರಬೇಕು.